ಪಕ್ಷದಲ್ಲಿ ಬಂದವಳು

ನಾನು ಒಂದು ನರ್ಸಿಂಗ್ ಕಾಲೇಜಿನ ಆಫೀಸಿನಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದೇನೆ. ಕಾಲೇಜು ಶ್ರೀರಂಗಪಟ್ಟಣಕ್ಕೂ ಪಾಂಡವಪುರಕ್ಕೂ ನಡುವೆ, ಕಬ್ಬಿನ ಗದ್ದೆಗಳ ಪಕ್ಕದಲ್ಲಿದೆ. ಮನೆ ಕಿರಂಗೂರು, ತವರು ಕ್ಯಾತನಹಳ್ಳಿ. ಹುಟ್ಟಿದ ಊರು, ಸೇರಿದ ಊರು, ಅನ್ನ ಕೊಡುವ ಊರು ಮೂರೂ ಒಂದೇ ಬಸ್ಸಿನ ದಾರಿಯಲ್ಲಿ ಮುಗಿದುಹೋಗುತ್ತವೆ. ಇಂಥ ನನ್ನನ್ನು ಪ್ರಿನ್ಸಿಪಾಲರು ಕೆಲವು ವರ್ಷಗಳ ಹಿಂದೆ ಕರೆದು, "ಇನ್ನು ಮೇಲೆ ಹೊರದೇಶದಿಂದ ಬರೋ ಮಕ್ಕಳ ಜವಾಬ್ದಾರಿ ನಿಮ್ಮದು" ಅಂದರು.

ನನಗೆ ಪಾಸ್‌ಪೋರ್ಟ್ ಇಲ್ಲ. ವಿಮಾನ ಹತ್ತಿದವಳಲ್ಲ. ನನ್ನ ಇಂಗ್ಲಿಷ್ ಆಫೀಸಿನ ಇಂಗ್ಲಿಷ್, ಅರ್ಜಿ ಬರೆಯಲು ಸಾಕು, ಹರಟೆ ಹೊಡೆಯಲು ಸಾಲದು. ಯಾಕೆ ನಾನೇ ಎಂದು ಕೇಳಿದೆ. "ನೀವು ಬೈದರೆ ಯಾವ ಭಾಷೆಯವರಿಗಾದರೂ ಅರ್ಥವಾಗುತ್ತೆ" ಎಂದು ಅವರು ನಕ್ಕರು. ಹೊಗಳಿದರೋ ಹಂಗಿಸಿದರೋ ಗೊತ್ತಾಗಲಿಲ್ಲ. ಹೊಗಳಿದರು ಅಂತಲೇ ಇಟ್ಟುಕೊಂಡೆ.

ಕೆಲಸ ಕಲಿಯಲು ಒಂದು ವರ್ಷ ಹಿಡಿಯಿತು. ಬರುವ ಪ್ರತಿಯೊಬ್ಬರಿಗೂ ನಾನು ಒಂದು ಪ್ಲಾಸ್ಟಿಕ್ ಫೈಲು ಮಾಡುತ್ತೇನೆ. ಪಾಸ್‌ಪೋರ್ಟಿನ ಎಂಟು ಜೆರಾಕ್ಸು, ವೀಸಾದ ಎಂಟು, ಹನ್ನೆರಡು ಫೋಟೋ. ಹನ್ನೆರಡು ಯಾಕೆಂದರೆ ಎಲ್ಲಿ ಹೋದರೂ ಎರಡು ಕೇಳುತ್ತಾರೆ, ಮೂರನೆಯದನ್ನು ಕಳೆದುಹಾಕುತ್ತಾರೆ. ಆಮೇಲೆ ಸಿಮ್ಮು, ಬ್ಯಾಂಕ್ ಖಾತೆ, ಯೂನಿಫಾರಂ ಅಳತೆ, ಬಕೆಟ್ಟು ಮಗ್ಗು, ಬೀಗ. ಹೆದ್ದಾರಿ ದಾಟುವುದನ್ನೂ ನಾನೇ ಕಲಿಸಬೇಕು. ಅವರ ದೇಶಗಳಲ್ಲೂ ರಸ್ತೆಗಳಿವೆ, ಆದರೆ ಕಬ್ಬಿನ ಟ್ರಾಕ್ಟರು ಎದುರು ದಿಕ್ಕಿನಲ್ಲಿ ಬರುತ್ತದೆಂದು ಅವರಿಗೆ ಯಾರೂ ಹೇಳಿರುವುದಿಲ್ಲ.

ಆಫ್ರಿಕಾದಿಂದ ಬಂದ ಹೊಸಬರಿಗೆ ನಮ್ಮವರೆಲ್ಲ ಮೊದಲು ಹೇಳುವುದು ಮುದ್ದೆಯ ವಿಷಯ. ನಿಮ್ಮ ಕಡೆಯೂ ಇಂಥದ್ದೇ ಇದೆಯಲ್ಲ, ತಿನ್ನಿ ತಿನ್ನಿ ಎನ್ನುತ್ತಾರೆ. ನಾನೂ ಹೇಳುತ್ತಿದ್ದೆ. ಒಬ್ಬ ಹುಡುಗ ತಾಳ್ಮೆ ಕೆಟ್ಟು, "ಮೇಡಂ, ಅದನ್ನು ತಪ್ಪಿಸಿಕೊಳ್ಳಲಿಕ್ಕೇ ನಾನು ಊರು ಬಿಟ್ಟಿದ್ದು" ಅಂದ. ಅಂದಿನಿಂದ ಮುದ್ದೆಯ ಸುದ್ದಿ ಎತ್ತುವುದಿಲ್ಲ.

ಎಲ್ಲದಕ್ಕಿಂತ ಮುಖ್ಯವಾದ ಕೆಲಸ ಇನ್ನೊಂದಿದೆ. ಓದಲು ಬಂದವರು ದೇಶಕ್ಕೆ ಕಾಲಿಟ್ಟ ಹದಿನಾಲ್ಕು ದಿನದೊಳಗೆ ತಾವು ಎಲ್ಲಿ ವಾಸವಿದ್ದೇವೆಂದು ನೋಂದಣಿ ಮಾಡಿಸಬೇಕು. ಅದಕ್ಕೆ ಮನೆಯ ಮಾಲೀಕರು 'ಇವರು ನಮ್ಮ ಮನೆಯಲ್ಲಿದ್ದಾರೆ' ಎಂದು ಬರೆದುಕೊಡಬೇಕು. ಬಂದವರಿಗೆಲ್ಲ ಹಾಸ್ಟೆಲ್ ಇದ್ದುದರಿಂದ ಇದು ನನಗೆ ಎಂದೂ ತೊಡಕಾಗಿರಲಿಲ್ಲ. ತೊಡಕಾಗಿದ್ದು ಟಾಂಜಾನಿಯಾದಿಂದ ಒಬ್ಬ ಹುಡುಗಿ ಬಂದ ವರ್ಷ.

ಅವಳ ವೀಸಾ ತಡವಾಯಿತು. ಬರುವುದಿಲ್ಲವೇನೋ ಎಂದು ಹಾಸ್ಟೆಲಿನಲ್ಲಿ ಅವಳಿಗಿಟ್ಟಿದ್ದ ಮಂಚವನ್ನು ಬೇರೆಯವರಿಗೆ ಕೊಟ್ಟುಬಿಟ್ಟರು. ಆಮೇಲೆ ಒಂದು ಬುಧವಾರ ಬೆಳಿಗ್ಗೆ ಅವಳು ಬಂದಿಳಿದಳು. ಕಾಲೇಜಿನ ಜೀಪಿನಲ್ಲಿ ಕರೆತಂದದ್ದು ನಾನೇ. ಇಪ್ಪತ್ತೊಂದು ವರ್ಷ. ಮಾತು ಕಡಿಮೆ, ಕಣ್ಣು ಚುರುಕು. ಎರಡು ಸೂಟ್‌ಕೇಸು, ಒಂದು ಕೈಚೀಲ. ಆ ಚೀಲವನ್ನು ಮಡಿಲಿಂದ ಕೆಳಗಿಡಲಿಲ್ಲ.

ದಾರಿಯಲ್ಲಿ ತನ್ನ ಸಂಗತಿ ನಾಲ್ಕೇ ಮಾತಿನಲ್ಲಿ ಹೇಳಿದಳು. ಅಪ್ಪ ಶಾಲೆಯ ಮೇಷ್ಟ್ರು. ಕಾಯಿಲೆ ಬಿದ್ದರು. ಹಿರಿಮಗಳು ಎಂದು ಇವಳೇ ಓದು ಬಿಟ್ಟು ಒಂದು ವರ್ಷ ಅವರ ಪಕ್ಕ ಕೂತಳು. ಹೋದ ವರ್ಷ ಅವರು ತೀರಿಕೊಂಡರು. ಆಸ್ಪತ್ರೆಯಲ್ಲಿ ಕೂತು ಕೂತು ನರ್ಸ್ ಆಗಬೇಕೆಂದು ಅನ್ನಿಸಿತಂತೆ. "ಈಗಾಗಲೇ ಎರಡು ವರ್ಷ ಹೋಗಿದೆ ಮೇಡಂ. ಇನ್ನೊಂದು ವರ್ಷ ಹೋದರೆ ಅಮ್ಮ ಮತ್ತೆ ಕಳಿಸುವುದಿಲ್ಲ" ಅಂದಳು.

ನಾನು ಧೈರ್ಯ ಹೇಳಿದೆ. ನೋಂದಣಿ ಪತ್ರ ಕೊಟ್ಟರೆ ಯೂನಿವರ್ಸಿಟಿಯವರು ಪ್ರವೇಶ ಖಾಯಂ ಮಾಡುತ್ತಾರೆ, ಆ ಪತ್ರಕ್ಕೆ ಒಂದು ವಿಳಾಸ ಬೇಕು, ವಿಳಾಸಕ್ಕೆ ಒಂದು ರೂಮು ಬೇಕು, ರೂಮು ಹುಡುಕುವುದು ನನ್ನ ಕೆಲಸ, ನೀನು ಚಿಂತೆ ಬಿಡು ಎಂದೆ. ನನ್ನ ಮಾತು ಯಾವಾಗಲೂ ನನಗಿಂತ ಎರಡು ಹೆಜ್ಜೆ ಮುಂದೆ ಓಡುತ್ತದೆ.

ಅವತ್ತು ಕಾಲೇಜಿನ ಗೆಸ್ಟ್‌ ರೂಮಿನಲ್ಲಿ ಬಿಸಿನೀರಿರಲಿಲ್ಲ. ಎರಡು ದಿನದ ಪ್ರಯಾಣದ ಮೈ ಎಂದು ಅವಳನ್ನು ನೇರ ಮನೆಗೇ ಕರೆದುಕೊಂಡು ಹೋದೆ. ನಮ್ಮ ಅತ್ತೆ ಜಗುಲಿಯ ಮೇಲೆ ಕೂತು ಹುರಳಿಕಾಳು ಆರಿಸುತ್ತಿದ್ದರು. ಅವರಿಗೆ ಎಂಬತ್ತು ದಾಟಿದೆ. ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿ, ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡು, ಸಣ್ಣ ಸಣ್ಣದಾಗಿ ಹೆಣೆದಿದ್ದ ಅವಳ ಜಡೆಗಳನ್ನು ಬೆರಳಲ್ಲಿ ಎಣಿಸತೊಡಗಿದರು.

"ಇದ್ನೆಲ್ಲ ಹೆಣೆಯಕ್ಕೆ ಎಷ್ಟೊತ್ತಾಯ್ತದಂತೆ, ಕೇಳಮ್ಮಿ" ಅಂದರು ನನಗೆ.

ಕೇಳಿದೆ. ಆರು ಗಂಟೆ ಎಂದಳು.

"ಆರ್ ಗಂಟೆ ಕುಂತಿದ್ಳಾ! ತಾಳ್ಮೆ ಇರೋಳು ಬುಡು. ನೀನು ಆರ್ ನಿಮ್ಸ ಕೂರಾಕಿಲ್ಲ" ಎಂದು ನನಗೊಂದು ಮೊಟಕಿ ಅವಳಿಗೆ ಮಜ್ಜಿಗೆ ಕೊಟ್ಟರು. ಹುಡುಗಿ ಸ್ನಾನ ಮಾಡಿ ಬಂದು, ಹಿತ್ತಲ ಬಾಗಿಲ ಹತ್ತಿರ ನಿಂತು ಕೂದಲು ಒಣಗಿಸಿಕೊಂಡಳು. ಅಲ್ಲಿಂದ ನಮ್ಮ ಮಹಡಿಯ ಮೆಟ್ಟಿಲು ಕಾಣುತ್ತದೆ. ಮಹಡಿಯ ಮೇಲೆ ಒಂದು ರೂಮು, ಅದಕ್ಕೇ ಸೇರಿದ ಬಚ್ಚಲು. ನನ್ನ ಮಗಳದ್ದು. ಅವಳು ಮದುವೆಯಾಗಿ ನಾಗಮಂಗಲ ಸೇರಿ ಮೂರು ವರ್ಷವಾಗಿತ್ತು. ರೂಮಿಗೆ ಬೀಗ ಹಾಕಿತ್ತು.

ಇದನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಿದರೆ ಮುಚ್ಚಿಟ್ಟ ಹಾಗಾಗುತ್ತದೆ. ಆ ಹೊತ್ತಿನಲ್ಲಿ ಆ ರೂಮಿನ ಯೋಚನೆ ನನಗೆ ಬಂದಿತ್ತು. ಬಂದ ಹಾಗೇ ಹೋಗಲೂ ಬಿಟ್ಟೆ.

ಸಂಜೆ ಅವಳನ್ನು ಗೆಸ್ಟ್ ರೂಮಿಗೆ ಬಿಟ್ಟುಬಂದೆ. ಮರುದಿನದಿಂದ ಮನೆ ಹುಡುಕಲು ಹೊರಟೆವು. ಹೊರಟ ಮೇಲೆ ನನಗೆ ಪಂಚಾಂಗ ನೆನಪಾಯಿತು. ಅವಳು ಬಂದಿಳಿದದ್ದು ಹುಣ್ಣಿಮೆಯ ಮರುದಿನ, ಅಂದರೆ ಪಿತೃಪಕ್ಷದ ಮೊದಲ ದಿನ. ನಾವು ಬರೀ ಪಕ್ಷ ಅನ್ನುತ್ತೇವೆ. ಅಮಾವಾಸ್ಯೆಯವರೆಗಿನ ಆ ಹದಿನೈದು ದಿನ ಸತ್ತ ಹಿರಿಯರು ಮನೆಗೆ ಬರುತ್ತಾರೆ, ಅವರಿಗೆ ಎಡೆ ಇಡಬೇಕು. ಮಿಕ್ಕಂತೆ ಯಾವ ಹೊಸ ಕೆಲಸಕ್ಕೂ ಕೈ ಹಾಕಬಾರದು. ಬಾಡಿಗೆ ಮನೆಗೂ ಯಾರೂ ಕಾಲಿಡುವುದಿಲ್ಲ. ಹೊಸ ಮನೆಗೆ ಹೋದರೆ ಮೊದಲು ಹಾಲು ಉಕ್ಕಿಸಬೇಕು, ಪಕ್ಷದಲ್ಲಿ ಹಾಲು ಉಕ್ಕಿಸುವಂತಿಲ್ಲ. ಬೆರಳು ಮಡಿಸಿ ಲೆಕ್ಕ ಹಾಕಿದೆ. ಸರ್ಕಾರದ ಹದಿನಾಲ್ಕು ದಿನ ಮಂಗಳವಾರ ಮುಗಿಯುತ್ತದೆ. ಪಕ್ಷ ಮುಗಿಯುವುದು ಅದರ ಮರುದಿನ ಬುಧವಾರ. ಒಂದೇ ದಿನದ ವ್ಯತ್ಯಾಸ, ಆದರೆ ಒಂದು ದಿನ ತಡವೂ ತಡವೇ.

ಶ್ರೀರಂಗಪಟ್ಟಣದ ಕೋಟೆಯೊಳಗೆ ರೈಲ್ವೆ ಸ್ಟೇಷನ್ ಹತ್ತಿರ ಒಬ್ಬ ನಿವೃತ್ತ ಮೇಷ್ಟ್ರ ಮನೆಯಿತ್ತು. ದೇವಸ್ಥಾನದ ಕೆಲಸ ಮಾಡಿಕೊಂಡು ಬಂದ ಮನೆತನ. ಹಿಂದಿನ ಭಾಗ ಖಾಲಿ. ಅವರು ನಮ್ಮಿಬ್ಬರನ್ನೂ ಒಳಗೆ ಕೂರಿಸಿ, ಹುಡುಗಿಯ ಜೊತೆ ನನಗಿಂತ ಚೆನ್ನಾಗಿ ಇಂಗ್ಲಿಷ್ ಮಾತಾಡಿ, ಬಾಳೆಹಣ್ಣು ಕೊಟ್ಟು, ಆಮೇಲೆ ನನ್ನ ಕಡೆ ತಿರುಗಿ, "ಪಕ್ಷ ಕಳೀಲಿ ಅಮ್ಮ. ಈಗ ನಾನು ಸೇರಿಸ್ಕೊಂಡ್ರೆ ನಮ್ಮನೇಲಿ ಒಪ್ಪೋದಿಲ್ಲ" ಅಂದರು. ಅವರ ಮಾತಿನಲ್ಲಿ ಕಪಟವಿರಲಿಲ್ಲ. ಆದರೂ ರೂಮಿಲ್ಲ.

ಪಾಂಡವಪುರದಲ್ಲಿ ಒಂದು ಹೊಸ ಮನೆಯ ಗೇಟಿಗೆ 'ಮನೆ ಬಾಡಿಗೆಗಿದೆ' ಎಂಬ ಬೋರ್ಡು ತೂಗುತ್ತಿತ್ತು. ಮಾಲೀಕ ಗೇಟು ತೆಗೆಯದೆ, ಹುಡುಗಿಯನ್ನು ಒಮ್ಮೆ ನೋಡಿ, "ಪಕ್ಷ ಅಲ್ವಾ ಮೇಡಂ. ಈಗ ಯಾರ್ಗೂ ಕೊಡಾಕಿಲ್ಲ ಕಣ್ರಿ. ಅಮಾಸೆ ಕಳೀಲಿ, ನಾನೇ ಫೋನ್ ಮಾಡ್ತೀನಿ" ಅಂದ. ನನ್ನ ನಂಬರು ಕೇಳಲೇ ಇಲ್ಲ, ಇನ್ನು ಫೋನು ಎಲ್ಲಿಗೆ ಮಾಡುತ್ತಾನೆ!

ಹುಡುಗಿ ಪ್ರತಿ ಮನೆಯಿಂದ ಹೊರಬಂದಾಗಲೂ, "ಏನಂದರು ಮೇಡಂ?" ಎಂದು ಕೇಳುತ್ತಿದ್ದಳು. ಪಕ್ಷ ಅಂದರೇನೆಂದು ನನ್ನ ಆಫೀಸ್ ಇಂಗ್ಲಿಷಿನಲ್ಲಿ ವಿವರಿಸಿದೆ. ಸತ್ತವರು ಊಟಕ್ಕೆ ಬರುತ್ತಾರೆ, ಅದಕ್ಕೆ ಬದುಕಿರುವವರಿಗೆ ಮನೆ ಸಿಗುವುದಿಲ್ಲ ಎಂಬಂತೆ ಅದು ಕೇಳಿಸಿತು. ಅವಳು ನಗಲಿಲ್ಲ. "ಸತ್ತವರು ಎಷ್ಟು ದಿನ ಇರುತ್ತಾರೆ?" ಎಂದು ಕೇಳಿದಳು. ಹದಿನೈದು ಎಂದೆ. ಫೋನು ತೆಗೆದು ಎಣಿಸಿಕೊಂಡಳು. ಆ ಒಂದು ದಿನದ ತೊಡಕು ಅವಳಿಗೂ ಗೊತ್ತಾಯಿತು.

"ಕಿರಂಗೂರಿನಲ್ಲಿ ಯಾವುದಾದರೂ ರೂಮು ಇದೆಯೇ ಮೇಡಂ?" ಎಂದು ಬಸ್ಸಿನಲ್ಲಿ ಕೇಳಿದಳು.

"ನಮ್ಮ ಊರಲ್ಲೂ ಹಾಗೆಯೇ. ಎಲ್ಲಾ ಪಕ್ಷ ಕಳೆದ ಮೇಲೆಯೇ" ಎಂದೆ. ಕಿಟಕಿಯಾಚೆ ನೋಡುತ್ತಾ ಹೇಳಿದೆ.

ನನ್ನ ಲೆಕ್ಕ ಹೀಗಿತ್ತು. ಮಗಳು ಹಬ್ಬಕ್ಕೆ ಬಂದರೆ ಎಲ್ಲಿ ಮಲಗುತ್ತಾಳೆ? ಬೀದಿಯವರು ಏನಂತಾರೆ? ನಾನು ಆಫೀಸಿನಲ್ಲಿದ್ದಾಗ ಮುದುಕಿಯೊಬ್ಬರೇ ಇರುತ್ತಾರೆ, ಅವರಿಗೆ ಇವಳ ಮಾತು ಬಾರದು. ಹೀಗೆ ಒಂದರ ಮೇಲೊಂದು ಕಾರಣ ಜೋಡಿಸಿ, ಎಲ್ಲದರ ಮೇಲೆ ಪಕ್ಷವನ್ನು ಇಟ್ಟೆ. ನಿಜವಾದ ಕಾರಣ ಹೆದರಿಕೆ. ಆಫೀಸಿನಲ್ಲಿ ಟೇಬಲ್ಲಿನ ಆಚೆ ಕೂತ ವಿದೇಶಿಯರಿಗೆ ನಾನು ಅಮ್ಮನಂಥವಳು. ಅವರಲ್ಲೊಬ್ಬಳು ನಮ್ಮ ತಂತಿಯ ಮೇಲೆ ಬಟ್ಟೆ ಒಣಗಿ ಹಾಕುತ್ತಾಳೆ ಅಂದಾಗ ನನ್ನ ಮನಸ್ಸು ಹಿಂದಕ್ಕೆ ಸರಿಯಿತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಸರಿದದ್ದು ನಿಜ.

ಮುಂದಿನ ಸೋಮವಾರ ಮಂಡ್ಯಕ್ಕೆ ಹೋದೆ. ನೋಂದಣಿ ನೋಡಿಕೊಳ್ಳುವ ಅಧಿಕಾರಿಗೆ ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ ನಾನೇ ಒಂದು ಪತ್ರ ಬರೆದಿದ್ದೆ: 'ವಿದ್ಯಾರ್ಥಿನಿಯು ಪಕ್ಷ ಮುಗಿದ ಕೂಡಲೇ ಮನೆಯನ್ನು ಪ್ರವೇಶಿಸುವಳು, ಆದ್ದರಿಂದ ಕಾಲಾವಕಾಶ ನೀಡಬೇಕಾಗಿ ವಿನಂತಿ.' ನನಗೆ ಅದರಲ್ಲಿ ಯಾವ ವಿಚಿತ್ರವೂ ಕಂಡಿರಲಿಲ್ಲ. ಪ್ರಿನ್ಸಿಪಾಲರಿಗೂ ಕಂಡಿರಲಿಲ್ಲ, ಸಹಿ ಹಾಕಿದ್ದರು. ಪಕ್ಷದಲ್ಲಿ ಯಾರಾದರೂ ಮನೆ ಬದಲಾಯಿಸುತ್ತಾರೆಯೇ, ಇಡೀ ಸರ್ಕಾರಕ್ಕೆ ಇದು ಗೊತ್ತಿರುವ ವಿಷಯ ಎಂದೇ ನಮ್ಮ ನಂಬಿಕೆ.

ಅಧಿಕಾರಿ ಪತ್ರ ಎರಡು ಸಲ ಓದಿ ಕನ್ನಡಕ ತೆಗೆದರು.

"ನಮ್ಮನೇಲೂ ಭಾನ್ವಾರನೇ ಹಬ್ಬ ಮೇಡಂ. ನಂಗೆ ಅರ್ಥ ಆಯ್ತದೆ. ಆದ್ರೆ ಈ ಕಂಪ್ಯೂಟರ್‌ಗೆ ಪಕ್ಷ ಎಂಗ್ ಏಳ್ಕೊಡದು?"

"ಗೆಸ್ಟ್ ರೂಮಿನ ವಿಳಾಸ ಹಾಕಿದರೆ ಆಗೋಲ್ವಾ ಸಾರ್?"

"ಅದು ನಾಕ್ ದಿನದ್ದು. ಓದು ಮುಗಿಯೋಗಂಟ ಇರೋ ವಿಳಾಸ ಬೇಕು. ಮುಂದ್ಲ ವಾರ ಮಂಗಳವಾರದೊಳ್ಗೆ ತನ್ನಿ. ತಡ ಆದ್ರೆ ತಡ ಅಂತಾನೇ ಬರ್ಯೋದು, ನಾನೇನೂ ಮಾಡಕ್ಕಾಗಲ್ಲ."

ತಡ ಎಂದು ಬರೆದರೆ ಪತ್ರ ಕೈಗೆ ಬರುವಷ್ಟರಲ್ಲಿ ಯೂನಿವರ್ಸಿಟಿಯ ಕೊನೆಯ ತಾರೀಕು ದಾಟುತ್ತದೆ, ಪ್ರವೇಶ ಮುಂದಿನ ವರ್ಷಕ್ಕೆ ಹೋಗುತ್ತದೆ. ಮುಂದಿನ ವರ್ಷ ಅವಳಮ್ಮ ಕಳಿಸುವುದಿಲ್ಲ. ನನಗೆ ಇದೆಲ್ಲ ಗೊತ್ತಿತ್ತು. ಕೈಯಲ್ಲಿ ಉಳಿದಿದ್ದದ್ದು ಎಂಟು ದಿನ.

ಆ ವಾರ ಇನ್ನೂ ಐದು ಮನೆ ನೋಡಿದೆವು. ಕೆ.ಆರ್.ಪೇಟೆಯಿಂದ ಬರುವ ಒಬ್ಬ ಸಹೋದ್ಯೋಗಿ ತಮ್ಮ ಊರಲ್ಲಿ ಕೊಡಿಸುತ್ತೇನೆ ಎಂದರು, ಆದರೆ ಅಲ್ಲಿಂದ ದಿನಾ ಬೆಳಿಗ್ಗೆ ಆಸ್ಪತ್ರೆ ಡ್ಯೂಟಿಗೆ ಬರುವುದು ಆಗದ ಮಾತು. ಹುಡುಗಿಗೆ ಬೆಳಿಗ್ಗೆ ತರಗತಿ, ಮಧ್ಯಾಹ್ನ ನನ್ನ ಜೊತೆ ಮನೆ ಹುಡುಕಾಟ. ಮೊದಮೊದಲು ಗೇಟಿನವರೆಗೂ ಬರುತ್ತಿದ್ದವಳು, ಬರಬರುತ್ತಾ ರಸ್ತೆಯ ಆಚೆಯೇ ನಿಲ್ಲತೊಡಗಿದಳು. "ನಾನು ಕಾಣಿಸದಿದ್ದರೆ ನಿಮಗೆ ಸುಲಭ" ಅಂದಳು. ಹಾಗೆಲ್ಲ ಏನಿಲ್ಲ ಎಂದು ನಾನು ಗದರಿದೆ. ಆದರೆ ಬಾ ಎಂದು ಕರೆಯಲೂ ಇಲ್ಲ.

ಶುಕ್ರವಾರ ಸಂಜೆ ಪಾಂಡವಪುರದ ದಾರಿಯಲ್ಲಿ ಬಸ್ಸು ನಿಧಾನವಾದಾಗ ಕಿಟಕಿಯಿಂದ ಆ ಹೊಸ ಮನೆ ನೋಡಿದೆ. ಬೋರ್ಡು ಇರಲಿಲ್ಲ. ಗೇಟಿನ ಮುಂದೆ ಒಂದು ಟೆಂಪೋ. ಸ್ಟೀಲಿನ ಕೊಳಗ, ಬೀರು, ಹಾಸಿಗೆ ಇಳಿಸುತ್ತಿದ್ದರು. ಹೊಸ್ತಿಲಿಗೆ ರಂಗೋಲಿಯೂ ಬಿದ್ದಿತ್ತು. ಪಕ್ಷದಲ್ಲಿ ಯಾರಿಗೂ ಕೊಡುವುದಿಲ್ಲ ಅಂದ ಮನುಷ್ಯ ಟೆಂಪೋದ ಹಿಂದೆ ನಿಂತು, ಬೀರುವಿಗೆ ಗೀರು ಬೀಳದ ಹಾಗೆ ಹಿಡಿಯಿರಿ ಎಂದು ಕೈಸನ್ನೆ ಮಾಡುತ್ತಿದ್ದ.

ನನಗೆ ಮೈಯೆಲ್ಲ ಉರಿಯಿತು. ಮನೆ ತಲುಪುವವರೆಗೂ ಉರಿಯಿತು. ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದೆ. "ನೋಡಿ ಅತ್ತೆ, ಅವನಿಗೆ ಪಕ್ಷ ಅಂತೆ ಪಕ್ಷ! ಬಣ್ಣ ನೋಡಿ ಇಲ್ಲ ಅಂದಿದ್ದು ಆ ದರಿದ್ರದವನು. ಹಿರೀಕರ ಹೆಸರು ಹೇಳಿ ಸುಳ್ಳು ಹೇಳ್ತಾನಲ್ಲ, ಅವನ ಮನೆಗೆ ಯಾವ ಹಿರೀಕರು ಬರ್ತಾರೆ?" ಇನ್ನೂ ಏನೇನೋ ಅಂದೆ, ಬರೆಯುವಂಥದ್ದಲ್ಲ.

ಅತ್ತೆ ಮೊರ ಕೆಳಗಿಟ್ಟರು.

"ಆಯ್ತಾ ನಿಂದು?"

"ಆಯ್ತು."

"ಅವ್ನ್ ಸಮಾಚಾರ ಬುಡು. ನಮ್ ಮೇಲಿನ್ ರೂಮ್ಗೆ ಯಾಕಮ್ಮಿ ಬೀಗ ಆಕ್ಬುಟ್ಟಿದ್ದೀಯೆ?"

ನನ್ನ ಬಾಯಿಂದ ಬಂದ ಉತ್ತರ ನನಗಿಂತ ಮೊದಲು ಹೊರಬಿತ್ತು. "ಪಕ್ಷ ಅಲ್ವಾ ಅತ್ತೆ?"

ಅವರು ನನ್ನ ಮುಖವನ್ನೇ ನೋಡಿದರು. ಗದರಲಿಲ್ಲ. "ಅವ್ನೂ ಅದ್ನೇ ಅಲ್ವಾ ಅಂದಿದ್ದು" ಅಂದರು. ಆಮೇಲೆ, "ತನ್ ಎಲೇಲಿ ಎಗ್ಗಣ ಸತ್ತು ಬಿದ್ದಿದ್ರೂ ಪಕ್ಕದೋರ್ ಎಲೇಲಿ ನೊಣ ಹುಡುಕ್ತಿದ್ರಂತೆ" ಎಂದು ಮತ್ತೆ ಮೊರ ಎತ್ತಿಕೊಂಡರು.

ಆ ಗಾದೆಯನ್ನು ನಾನು ಆಫೀಸಿನಲ್ಲಿ ಎಷ್ಟು ಜನರ ಮೇಲೆ ಎಸೆದಿದ್ದೇನೋ. ಅವತ್ತು ಅದು ನನ್ನ ಮೇಲೇ ಬಿತ್ತು. ಅಡುಗೆಮನೆಗೆ ಹೋಗಿ ಕೆಲಸವಿಲ್ಲದಿದ್ದರೂ ಪಾತ್ರೆ ತೊಳೆದೆ. ಸಿಟ್ಟು ಬಂದದ್ದು ಅತ್ತೆಯ ಮೇಲಲ್ಲ. ಪಾಂಡವಪುರದ ಆ ಮನುಷ್ಯನಾದರೂ ನನ್ನ ಹಾಗೆ ಹುಡುಗಿಯನ್ನು ಮನೆಗೆ ಕರೆತಂದು, ಚಿಂತೆ ಬಿಡು ಎಂದಿರಲಿಲ್ಲ.

ರಾತ್ರಿ ಊಟ ಬಡಿಸುವಾಗ, "ರೂಮು ಕೊಡೋಣ ಅತ್ತೆ. ಆದರೆ ಪಕ್ಷದಲ್ಲಿ ಹೊಸಬರನ್ನು ಮನೆ ತುಂಬಿಸಿಕೊಳ್ಳೋದು ಹೇಗೆ? ಅದು ಸುಳ್ಳಲ್ಲವಲ್ಲ" ಎಂದೆ. ಯಜಮಾನರು ಎಂದಿನಂತೆ ತಟ್ಟೆ ನೋಡುತ್ತಾ, "ಅವ್ವ ಎಂಗಂದ್ರೆ ಅಂಗೆ" ಅಂದರು.

ಅತ್ತೆ, "ಭಾನ್ವಾರ ಎಡೆ ಇಕ್ತೀವಲ್ಲ, ಆ ಕೂಸ್ನ ಉಣ್ಣಕ್ಕೆ ಕರ್ಕಬಾ. ಅವ್ರಪ್ಪಂಗೆ ಏನಿಷ್ಟ ಅಂತ ಕೇಳ್ಕಬಾ" ಅಂದರು.

ನಮ್ಮ ಮನೆಯಲ್ಲಿ ಎಡೆ ಇಡುವುದು ಅಮಾವಾಸ್ಯೆಗೆ ಮುಂಚಿನ ಭಾನುವಾರ. ಶ್ರೀರಂಗಪಟ್ಟಣದ ಆ ಮೇಷ್ಟ್ರ ಮನೆಯಲ್ಲಿ ಹೇಗೋ, ನಮ್ಮಲ್ಲಿ ಹಿರಿಯರು ಮಾಂಸ ತಿನ್ನುವವರು. ಯಾರಿಗೆ ಏನು ಇಷ್ಟವೋ ಅದೇ ಎಲೆಯ ಮೇಲೆ ಬರಬೇಕು. ಮಾವನವರಿಗೆ ತಲೆಮಾಂಸ, ಬೇಯಿಸಿದ ಮೊಟ್ಟೆ, ಒಂದು ಕಟ್ಟು ಬೀಡಿ. ಅವರ ತಾಯಿಗೆ ಎಲೆಅಡಿಕೆ, ಹೊಗೆಸೊಪ್ಪು, ಒಂದು ಹಸಿರು ಸೀರೆ. ಬಾಗಿಲು ತೆರೆದು, ಧೂಪ ಹಾಕಿ, ಎಲ್ಲರೂ ಹೊರಗೆ ಬಂದು ಸ್ವಲ್ಪ ಹೊತ್ತು ಬಾಗಿಲು ಮುಂದೆ ಮಾಡಿಕೊಳ್ಳುತ್ತೇವೆ. ಅವರು ಉಂಡು ಹೋಗಲಿ ಎಂದು.

ಶನಿವಾರ ಹುಡುಗಿಗೆ ವಿಷಯ ಹೇಳಿದೆ. ಊಟಕ್ಕೆ ಬಾ, ನಿನ್ನಪ್ಪನಿಗೆ ಏನು ಇಷ್ಟವಿತ್ತು ಎಂದು ನಮ್ಮ ಅತ್ತೆ ಕೇಳಿದ್ದಾರೆ ಎಂದೆ. ಅವಳು ಬರೆಯುತ್ತಿದ್ದ ಪೆನ್ನು ನಿಲ್ಲಿಸಿದಳು. "ಹಾಲಿಲ್ಲದ ಟೀ. ಸಕ್ಕರೆ ಜಾಸ್ತಿ, ಶುಂಠಿ. ಮತ್ತೆ ಕಿತ್ತಳೆಹಣ್ಣು" ಅಂದಳು. ಆಮೇಲೆ ನಿಧಾನವಾಗಿ, "ಆಸ್ಪತ್ರೆಯಲ್ಲಿ ಸಕ್ಕರೆ ಕೊಡಬಾರದು ಅಂದಿದ್ದರು. ಕೊನೆಯ ವಾರ ಕೇಳಿದರು. ನಾನು ಕೊಡಲಿಲ್ಲ" ಎಂದಳು.

ನಾನು ಹನ್ನೆರಡರಲ್ಲಿ ಉಳಿದಿದ್ದ ಫೋಟೋಗಳನ್ನು ಫೈಲಿನಲ್ಲಿ ಸರಿಪಡಿಸುತ್ತಾ ಕೂತೆ.

ಭಾನುವಾರ ಮಗಳೂ ಅಳಿಯನೂ ನಾಗಮಂಗಲದಿಂದ ಬಂದರು. ಮಗಳಿಗೆ ರೂಮಿನ ವಿಷಯ ಹೇಳಿದಾಗ, "ಅಯ್ಯೋ ಕೊಡಮ್ಮ, ಅಲ್ಲೇನು ನನ್ನ ಗಂಟಿದ್ಯಾ? ಬೀರು ತುಂಬ ಹಳೇ ಬಟ್ಟೆ" ಎಂದು ಮುಗಿಸಿಬಿಟ್ಟಳು. ಮೂರು ವರ್ಷದಿಂದ ನಾನು ಕಾವಲು ಕಾಯುತ್ತಿದ್ದದ್ದು ಹಳೇ ಬಟ್ಟೆಗೆ.

ಹುಡುಗಿ ಬಂದಾಗ ಎಲೆಗಳು ಹಾಕಿ ಆಗಿತ್ತು. ಗೋಡೆಯ ಕಡೆ ಸಾಲಾಗಿ ನಾಲ್ಕು. ಅತ್ತೆ ನನಗೆ ಹೇಳಿ ಐದನೆಯದು ಹಾಕಿಸಿದರು. ಮಿಕ್ಕ ಎಲೆಗಳ ಮೇಲೆ ಬಿದ್ದ ಎಲ್ಲವೂ ಅದರ ಮೇಲೂ ಬಿತ್ತು. ಪಕ್ಕದಲ್ಲಿ ಎರಡು ಕಿತ್ತಳೆಹಣ್ಣು, ಮಾವನವರು ಕಾಫಿ ಕುಡಿಯುತ್ತಿದ್ದ ಹಿತ್ತಾಳೆ ಲೋಟದಲ್ಲಿ ಕರಿ ಟೀ.

"ಸಕ್ರೆ ಅವ್ಳೇ ಆಕ್ಲಿ" ಅಂದರು ಅತ್ತೆ.

ನಾನು ಡಬ್ಬಿ ಚಾಚಿದೆ. ಹುಡುಗಿ ಮೂರು ಚಮಚ ಹಾಕಿದಳು. ನಿಲ್ಲಿಸಿದಳು. ಇನ್ನೊಂದು ಹಾಕಿದಳು. ಕದಡುವಾಗ ಚಮಚ ಲೋಟಕ್ಕೆ ಬಡಿಯುತ್ತಲೇ ಇತ್ತು. ತಾನು ಕ್ರಿಶ್ಚಿಯನ್, ತನ್ನ ರೀತಿಯಲ್ಲಿ ಪ್ರಾರ್ಥನೆ ಮಾಡಬಹುದೇ ಎಂದು ಕೇಳಿದಳು. ಅತ್ತೆಗೆ ಹೇಳಿದೆ. "ನಿಂಗೆ ತಿಳ್ದಂಗೆ ಮಾಡು ಮಗ. ಕರೆಯೋರ್ ಕರುದ್ರೆ ಬರೋರು ಬತ್ತಾರೆ" ಅಂದರು. ಅವಳು ಕಣ್ಣು ಮುಚ್ಚಿ ತುಟಿ ಅಲ್ಲಾಡಿಸಿದಳು. ಆಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಮುಂದೆ ಮಾಡಿಕೊಂಡು ಜಗುಲಿಯ ಮೇಲೆ ಕೂತೆವು. ಅಳಿಯ ಬಸ್ಸಿನ ರಶ್ಶಿನ ಬಗ್ಗೆ ಮಾತಾಡಿದ. ಯಜಮಾನರು ಕಬ್ಬಿನ ಕಟಾವಿನ ಬಗ್ಗೆ. ಹುಡುಗಿ ಬಾಗಿಲನ್ನೇ ನೋಡುತ್ತಿದ್ದಳು.

ಊಟವಾದ ಮೇಲೆ ಅತ್ತೆ ಸೆರಗಿನ ಗಂಟು ಬಿಚ್ಚಿ ಮಹಡಿಯ ಬೀಗದಕೈ ತೆಗೆದರು. ನಾನು ಅದನ್ನು ಅಡುಗೆಮನೆಯ ಮೊಳೆಗೆ ನೇತುಹಾಕಿದ್ದೆ, ಅವರು ಯಾವಾಗ ತೆಗೆದುಕೊಂಡರೋ ಗೊತ್ತಿಲ್ಲ. ಹುಡುಗಿಯ ಕೈಗೆ ಕೊಟ್ಟರು.

"ಅತ್ತೆ, ಇವತ್ತೇನಾ? ಪಕ್ಷ..." ಎಂದೆ, ನಾಚಿಕೆಯಿಲ್ಲದೆ.

"ಲೇ, ಅವ್ಳಪ್ಪ ಈಗ್ತಾನೆ ಈ ಅಟ್ಟೀಲಿ ಉಂಡ್ಕಂಡ್ ಓದ್ನಲ್ಲ. ಅಪ್ಪ ಉಂಡ ಮನೇಗೆ ಮಗ್ಳು ಒಸಬ್ಳು ಎಂಗಾದಾಳು? ಓಗ್ ಬಾಗ್ಲು ತೆಕ್ಕೊಡು. ಹಾಲು ಬೇಕಾದ್ರೆ ಅಮಾಸೆ ಕಳ್ದ್ ಮೇಲೆ ಉಕ್ಕುಸ್ಲಿ."

ಐವತ್ತು ವರ್ಷದಿಂದ ಪಕ್ಷ ನೋಡಿದವಳು ನಾನು. ಪಕ್ಷದೊಳಗೇ ಇಂಥದೊಂದು ದಾರಿ ಇದೆಯೆಂದು ನನಗೆ ಹೊಳೆದಿರಲಿಲ್ಲ. ಓದದ ಮುದುಕಿಗೆ ಹೊಳೆಯಿತು, ಯಾಕೆಂದರೆ ಅವರು ದಾರಿ ಹುಡುಕುತ್ತಿದ್ದರು. ನಾನು ಹುಡುಕುತ್ತಿದ್ದದ್ದು ನೆಪ.

ಸೋಮವಾರ ಬೆಳಿಗ್ಗೆ ಮಂಡ್ಯದ ಆಫೀಸು ತೆರೆಯುವ ಮೊದಲೇ ನಾವಿಬ್ಬರೂ ಬಾಗಿಲಲ್ಲಿ ಇದ್ದೆವು. ಮನೆ ಅತ್ತೆಯ ಹೆಸರಿನಲ್ಲಿದೆ. ಅವರ ಹೆಬ್ಬೆಟ್ಟು, ಕಂದಾಯದ ರಶೀದಿ, ಕರಾರು ಪತ್ರ, ಎರಡು ಫೋಟೋ. ಅಧಿಕಾರಿ ವಿಳಾಸ ಓದಿ, "ಇದು ನಿಮ್ಮದೇ ಮನೆ ಅಲ್ವಾ ಮೇಡಂ? ಪಕ್ಷ ಅಂದಿದ್ರಿ?" ಎಂದರು.

"ನಮ್ಮತ್ತೆ ಕಂಪ್ಯೂಟರಿಗಿಂತ ಮುಂದಿದ್ದಾರೆ ಸಾರ್" ಎಂದೆ. ಅವರು ಮುದ್ರೆ ಒತ್ತಿದರು. ಹದಿಮೂರನೆಯ ದಿನ.

ಪತ್ರ ಕೈಗೆ ಬಂದಾಗ ಹುಡುಗಿ ಅದನ್ನು ಮಡಿಲ ಚೀಲದೊಳಗೆ ಇಟ್ಟುಕೊಂಡಳು. ಆಗ ಆ ಚೀಲದಲ್ಲಿ ಏನಿತ್ತೆಂದು ಕಂಡಿತು. ಚೌಕಟ್ಟು ಹಾಕಿದ ಒಂದು ಫೋಟೋ, ಅದರಲ್ಲಿ ಕನ್ನಡಕ ಹಾಕಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟ ಒಬ್ಬ ಗಂಡಸು.

ಅಮಾವಾಸ್ಯೆ ಕಳೆದ ಗುರುವಾರ ಬೆಳಿಗ್ಗೆ ಮಹಡಿಯ ರೂಮಿನಲ್ಲಿ ಹಾಲು ಉಕ್ಕಿಸಿದೆವು. ಸಣ್ಣ ಗ್ಯಾಸ್ ಒಲೆ, ಹೊಸ ಪಾತ್ರೆ. ಅತ್ತೆ ಮೆಟ್ಟಿಲು ಹತ್ತಲಾರರು, ಕೆಳಗಿಂದಲೇ "ಉಕ್ತಾ? ಉಕ್ತಾ?" ಎಂದು ಕೂಗುತ್ತಿದ್ದರು. ನಾವಿಬ್ಬರೇ ಇದ್ದೆವು. ಹಾಲು ನೋಡುತ್ತಾ ನಿಂತಾಗ, ಹೇಳದೆ ಇರಲು ನನ್ನಿಂದ ಆಗಲಿಲ್ಲ. ಮೊದಲ ದಿನದಿಂದಲೇ ಈ ರೂಮು ಖಾಲಿಯಿತ್ತು, ನಾನೇ ಮುಚ್ಚಿಟ್ಟೆ, ಪಕ್ಷದ ಮೇಲೆ ಹಾಕಿದೆ ಎಂದು ನನ್ನ ಮುರುಕು ಇಂಗ್ಲಿಷಿನಲ್ಲಿ ಹೇಳಿದೆ.

"ಗೊತ್ತಿತ್ತು ಮೇಡಂ" ಅಂದಳು.

"ಹೇಗೆ?"

"ಸ್ನಾನ ಮಾಡಿ ಬಂದಾಗ ನೋಡಿದೆ. ಬಾಗಿಲಿಗೆ ಬೀಗವಿತ್ತು. ಆದರೆ ಮೆಟ್ಟಿಲು ಗುಡಿಸಿತ್ತು. ಮೇಲೆ ಯಾರ ಬಟ್ಟೆಯೂ ಒಣಗುತ್ತಿರಲಿಲ್ಲ."

"ಮತ್ತೆ ಯಾಕೆ ಕೇಳಲಿಲ್ಲ?"

"ಬಸ್ಸಿನಲ್ಲಿ ಕೇಳಿದೆನಲ್ಲ" ಅಂದಳು. "ಇನ್ನೊಮ್ಮೆ ಕೇಳಿದ್ದರೆ ನೀವು ನನ್ನ ಮುಖ ನೋಡಿ ಇಲ್ಲ ಅನ್ನಬೇಕಾಗುತ್ತಿತ್ತು. ಆಮೇಲೆ ನಾನು ಯಾರ ಜೊತೆ ಮನೆ ಹುಡುಕಲಿ? ಇಲ್ಲಿ ನನಗೆ ಗೊತ್ತಿದ್ದವರು ನೀವೊಬ್ಬರೇ" ಎಂದಳು.

ಹಾಲು ಉಕ್ಕಿ ಒಲೆಯ ಮೇಲೆ ಹರಿಯಿತು. ಕೆಳಗಿಂದ ಅತ್ತೆ ಮತ್ತೆ ಕೂಗಿದರು. "ಉಕ್ತು ಅಜ್ಜಿ" ಎಂದು ಕೂಗಿದವಳು ಅವಳೇ. ಒರೆಸಲು ಬಟ್ಟೆ ತರುತ್ತೇನೆಂದು ನಾನು ಕೆಳಗಿಳಿದೆ. ಬಟ್ಟೆ ಮೇಲೆಯೇ ಇತ್ತು.